ವಿಡಾಲ್ ಪಾಸಿಟಿವ್, ಕಲ್ಚರ್ ನೆಗೆಟಿವ್: ಮಗಳಿಗೆ ಟೈಫಾಯ್ಡ್ ಇತ್ತಾ, ಇಲ್ವಾ?

ಪ್ರಶ್ನೆ: ನನ್ನ ಮಗಳಿಗೆ 9 ವರ್ಷ. ಹೋದ ತಿಂಗಳು ಜ್ವರ ಬಂತು. ಮೂರನೇ ದಿನ ಮನೆ ಹತ್ತಿರದ ಲ್ಯಾಬ್‌ನಲ್ಲಿ ವಿಡಾಲ್ ಮಾಡಿಸಿದೆವು. ಟಿಓ 1:160, ಟಿಎಚ್ 1:80 ಅಂತ ಬಂತು, ಟೈಫಾಯ್ಡ್ ಪಾಸಿಟಿವ್ ಅಂದರು. ಅವತ್ತೇ ಸಿಫಿಕ್ಸಿಮ್ ಅನ್ನುವ ಆ್ಯಂಟಿಬಯಾಟಿಕ್ ಸಿರಪ್ ಶುರು ಮಾಡಿದೆವು. ಮೂರು ದಿನವಾದರೂ ಜ್ವರ ಇಳಿಯಲಿಲ್ಲ. ಆಮೇಲೆ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ವಿಡಾಲ್ ರಿಪೋರ್ಟನ್ನು ಒಂದು ಸಲ ನೋಡಿ ಪಕ್ಕಕ್ಕಿಟ್ಟರು. ಬ್ಲಡ್ ಕಲ್ಚರ್‌ಗೆ ಕಳಿಸಿ, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಶುರು ಮಾಡಿದರು. ಮೂರನೇ ದಿನಕ್ಕೆ ಜ್ವರ ಬಿಟ್ಟಿತು. ಆದರೆ ಕಲ್ಚರ್ ರಿಪೋರ್ಟ್‌ನಲ್ಲಿ 'ನೋ ಗ್ರೋತ್' ಅಂತಿದೆ. ಹಾಗಾದರೆ ಯಾವ ಲ್ಯಾಬ್ ಸುಳ್ಳು ಹೇಳಿತು? ಸಾವಿರ ರೂಪಾಯಿ ಮೇಲೆ ಕೊಟ್ಟು ಮಾಡಿಸಿದ ಕಲ್ಚರ್ ದಂಡವಾಯಿತಾ? ಈಗ ವಾಸಿಯಾಗಿದೆಯಾ ಅಂತ ನೋಡೋಕೆ ಇನ್ನೊಂದು ವಿಡಾಲ್ ಮಾಡಿಸಬೇಕಾ? ನಮ್ಮ ಅತ್ತೆಗಂತೂ ಯಾವಾಗ ಮಾಡಿಸಿದರೂ ವಿಡಾಲ್ ಪಾಸಿಟಿವ್ ಬರುತ್ತೆ, ಅದೂ ಯಾಕೆ ಅಂತ ಹೇಳಿ.

ಉತ್ತರ: ಎರಡೂ ಲ್ಯಾಬ್ ಸುಳ್ಳು ಹೇಳಿಲ್ಲ. ಒಂದನ್ನು ತೀರಾ ಬೇಗ ಕೇಳಿದಿರಿ, ಇನ್ನೊಂದನ್ನು ಔಷಧಿ ಶುರುವಾದಮೇಲೆ, ತಡವಾಗಿ ಕೇಳಿದಿರಿ. ನಿಮ್ಮದು ತಪ್ಪು ಅಂತಲ್ಲ. ಇದನ್ನು ನಿಮಗೆ ಯಾರೂ ಹೇಳಿರಲ್ಲ. ಲ್ಯಾಬ್ ಕೌಂಟರ್‌ನಲ್ಲಿ ಕೂತವರಿಗೆ ಹೇಳೋಕೆ ಪುರುಸೊತ್ತೂ ಇರಲ್ಲ.

ವಿಡಾಲ್‌ನಿಂದಲೇ ಶುರು ಮಾಡ್ತೀನಿ. ಫರ್ನಾಂಡ್ ವಿಡಾಲ್ ಅನ್ನುವ ಡಾಕ್ಟರು 1896ರಲ್ಲಿ ಪ್ಯಾರಿಸ್‌ನಲ್ಲಿ ತೋರಿಸಿಕೊಟ್ಟ ಟೆಸ್ಟ್ ಇದು. ಆಗಿನ ಕಾಲಕ್ಕೆ ದೊಡ್ಡ ಸಂಗತಿಯೇ. ಇದರಲ್ಲಿ ಹುಡುಕೋದು ಟೈಫಾಯ್ಡ್ ಬ್ಯಾಕ್ಟೀರಿಯಾವನ್ನು ಅಲ್ಲ, ಅದರ ವಿರುದ್ಧ ನಮ್ಮ ಮೈ ತಯಾರು ಮಾಡಿಕೊಂಡ ಆ್ಯಂಟಿಬಾಡಿಯನ್ನು. ಗಾಜಿನ ಸ್ಲೈಡ್ ಮೇಲೆ ರೋಗಿಯ ಸೀರಮ್ (ರಕ್ತದ ಮೇಲಿನ ತಿಳಿ) ಒಂದು ಹನಿ, ಅದಕ್ಕೆ ಸತ್ತ ಟೈಫಾಯ್ಡ್ ಬ್ಯಾಕ್ಟೀರಿಯಾ ಇರುವ ಬಣ್ಣದ ದ್ರವ ಒಂದು ಹನಿ. ಕಲಸಿ ಒಂದು ನಿಮಿಷ ಅಲ್ಲಾಡಿಸಿದರೆ, ಆ್ಯಂಟಿಬಾಡಿ ಇದ್ದಾಗ ಒಡೆದ ಹಾಲಿನ ಹಾಗೆ ಕಣಕಣವಾಗುತ್ತೆ. ಇಷ್ಟೇ ಟೆಸ್ಟ್. 1:160 ಅಂದರೆ ಸೀರಮನ್ನು 160 ಪಾಲು ತೆಳು ಮಾಡಿದರೂ ಇನ್ನೂ ಗಂಟುಕಟ್ಟಿತು ಅಂತ ಅರ್ಥ.

ಈಗ ನಿಮ್ಮ ಮಗಳ ಲೆಕ್ಕ ನೋಡಿ. ಟೈಫಾಯ್ಡ್ ಬಂದರೆ ಓ ಆ್ಯಂಟಿಬಾಡಿ (ರಿಪೋರ್ಟ್‌ನ ಟಿಓ, ಬ್ಯಾಕ್ಟೀರಿಯಾದ ಹೊರಮೈ ವಿರುದ್ಧದ್ದು) ಕಾಣಿಸಿಕೊಳ್ಳೋದು ಜ್ವರ ಶುರುವಾಗಿ ಸುಮಾರು ಆರರಿಂದ ಎಂಟನೇ ದಿನಕ್ಕೆ. ಎಚ್ (ಟಿಎಚ್, ಅದರ ಬಾಲದ ವಿರುದ್ಧದ್ದು) ಬರೋದು ಹತ್ತರಿಂದ ಹನ್ನೆರಡನೇ ದಿನಕ್ಕೆ. ಮೂರನೇ ದಿನ ರಕ್ತ ಕೊಟ್ಟಿದ್ದೀರಿ. ಅವತ್ತು ಸಿಕ್ಕಿದ 1:160 ಈ ಜ್ವರಕ್ಕೆ ಹುಟ್ಟಿದ್ದು ಅನ್ನೋಕೆ ಸಮಯವೇ ಸಾಲಲ್ಲ. ಹೆಚ್ಚಾಗಿ ಅದು ಹಳೇದು. ನಮ್ಮ ಕಡೆ ನೀರಲ್ಲಿ, ಪಾನಿಪುರಿಯಲ್ಲಿ, ಮದುವೆ ಊಟದಲ್ಲಿ ಟೈಫಾಯ್ಡ್ ಮತ್ತು ಅದರ ನೆಂಟರ ಪರಿಚಯ ಎಲ್ಲರಿಗೂ ಒಂದಲ್ಲ ಒಂದು ಸಲ ಆಗಿಯೇ ಇರುತ್ತೆ. ಅದಕ್ಕೇ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವವರಲ್ಲೂ 1:40, 1:80 ಸಿಗೋದು ಮಾಮೂಲಿ. ಓ 1:80 ದಾಟಿದರೆ, ಎಚ್ 1:160 ದಾಟಿದರೆ ಮಹತ್ವ ಕೊಡಿ ಅಂತ ಬಹಳ ಲ್ಯಾಬ್‌ಗಳು ರಿಪೋರ್ಟ್ ಕೆಳಗೆ ಅಚ್ಚು ಹಾಕಿಸಿರುತ್ತವೆ. ಆದರೆ ಆ ಗಡಿ ಊರಿಂದ ಊರಿಗೆ ಬದಲಾಗಬೇಕು. ಆ ಊರಿನ ಆರೋಗ್ಯವಂತರಲ್ಲಿ ಎಷ್ಟಿರುತ್ತೆ ಅಂತ ಅಳೆದು ಇಡಬೇಕು. ಅಳೆಯುವವರು ಕಡಿಮೆ.

ಇನ್ನೊಂದು ಸಂಗತಿ. 1:80 ಮತ್ತು 1:160 ಪಕ್ಕಪಕ್ಕದ ಮೆಟ್ಟಿಲು. ಒಂದೇ ರಕ್ತವನ್ನು ಬೆಳಿಗ್ಗೆ ಒಬ್ಬ ಟೆಕ್ನಿಷಿಯನ್, ಸಂಜೆ ಇನ್ನೊಬ್ಬರು ನೋಡಿದರೆ ಒಂದು ಮೆಟ್ಟಿಲು ಆಚೆ ಈಚೆ ಆಗೋದು ಸಹಜ. ಕಣ್ಣಲ್ಲಿ ನೋಡಿ ಹೇಳುವ ಟೆಸ್ಟ್ ಇದು. ಅದಕ್ಕೇ ಪುಸ್ತಕದ ನಿಯಮ ಬೇರೆ ಇದೆ: ಒಂದು ವಾರ, ಹತ್ತು ದಿನದ ಅಂತರದಲ್ಲಿ ಎರಡು ಸಲ ರಕ್ತ ತೆಗೆದು, ಎರಡನೇ ಸಲ ನಾಲ್ಕು ಪಟ್ಟು, ಅಂದರೆ ಎರಡು ಮೆಟ್ಟಿಲು ಏರಿದ್ದರೆ ಮಾತ್ರ ನಂಬಬೇಕು. ಹೀಗೆ ಎರಡು ಸಲ ಮಾಡಿಸಿದವರನ್ನು ನನ್ನ ಇಷ್ಟು ವರ್ಷದ ಕೆಲಸದಲ್ಲಿ ಬೆರಳಲ್ಲಿ ಎಣಿಸಬಹುದು. ಜ್ವರ ಬಂದವರು ಹತ್ತು ದಿನ ಯಾರು ಕಾಯ್ತಾರೆ ಹೇಳಿ.

ನಿಮ್ಮ ಅತ್ತೆಯ ಕಥೆಯೂ ಇದೇ. ಎಂದೋ ಒಮ್ಮೆ ಟೈಫಾಯ್ಡ್ ಆಗಿರಬಹುದು. ಟೈಫಾಯ್ಡ್‌ಗೆ ಕೊಡುತ್ತಿದ್ದ ಹಳೇ ಕಾಲದ ಟಿಎಬಿ ಲಸಿಕೆ ಚುಚ್ಚಿಸಿಕೊಂಡಿರಲೂಬಹುದು, ಅದರಲ್ಲಿ ಕೊಂದ ಬ್ಯಾಕ್ಟೀರಿಯಾವನ್ನು ಇಡಿಯಾಗಿಯೇ ಸೇರಿಸುತ್ತಿದ್ದರು. ಒಮ್ಮೆ ಕಲಿತದ್ದನ್ನು ಮೈ ಮರೆಯಲ್ಲ. ಆಮೇಲೆ ಮಲೇರಿಯಾ ಬಂದರೂ ಡೆಂಗಿ ಬಂದರೂ ಆ ಹಳೇ ಆ್ಯಂಟಿಬಾಡಿ, ಅದರಲ್ಲೂ ಎಚ್, ಮತ್ತೆ ಏರಬಹುದು. ಅವರಿಗೆ ಪ್ರತಿ ಜ್ವರಕ್ಕೂ ಟೈಫಾಯ್ಡ್ ಮಾತ್ರೆ ನುಂಗಿಸಿದ್ದರೆ ಪಾಪ, ಎಷ್ಟು ಸಲ ಸುಮ್ನೆ ನುಂಗಿದ್ದಾರೋ. ರಿಪೋರ್ಟ್‌ನಲ್ಲಿ ಎಎಚ್, ಬಿಎಚ್ ಅಂತ ಇನ್ನೆರಡು ಸಾಲು ಇರುತ್ತಲ್ಲ, ಅವು ಟೈಫಾಯ್ಡ್‌ನ ನೆಂಟರಾದ ಪ್ಯಾರಾಟೈಫಾಯ್ಡ್ ಎ ಮತ್ತು ಬಿಗೆ. ಬಿ ನಮ್ಮ ದೇಶದಲ್ಲಿ ಅಪರೂಪ. ಆ ಸಾಲು ಕಿಟ್‌ನಲ್ಲಿ ಬಾಟಲಿ ಇದೆ ಅಂತ ಇದೆ, ಅಷ್ಟೆ.

ವಿಡಾಲನ್ನು ಇಷ್ಟು ಬೈದು, ನಾನೂ ದಿನಾ ಅದರ ರಿಪೋರ್ಟ್‌ಗೆ ಸಹಿ ಹಾಕ್ತೀನಿ ಅನ್ನೋದನ್ನೂ ಒಪ್ಪಿಕೊಳ್ಳಬೇಕು. ಅಗ್ಗ, ಅರ್ಧ ಗಂಟೆಯಲ್ಲಿ ಉತ್ತರ, ಕರೆಂಟ್ ಕೂಡ ಬೇಡ. ಕಲ್ಚರ್ ಸೌಲಭ್ಯ ಇಲ್ಲದ ತಾಲೂಕು ಊರಿನಲ್ಲಿ, ಹತ್ತು ದಿನದಿಂದ ಜ್ವರ ಇರುವ, ನಾಲಿಗೆ ಬೆಳ್ಳಗಾದ, ಹೊಟ್ಟೆ ಉಬ್ಬಿದ ರೋಗಿಯಲ್ಲಿ 1:640 ಬಂದರೆ ಡಾಕ್ಟರು ಅದನ್ನು ಗಣನೆಗೆ ತಗೊಳ್ಳೋದು ಸರಿಯೇ. ಮೂರನೇ ದಿನದ 1:160 ಬೇರೆ ಮಾತು.

ಈಗ ಕಲ್ಚರ್. ಇದು ಬ್ಯಾಕ್ಟೀರಿಯಾವನ್ನೇ ಹಿಡಿಯುವ ಕೆಲಸ. ಹೆಪ್ಪು ಹಾಕಿದ ಹಾಗೆ ಅಂದುಕೊಳ್ಳಿ. ಪಾತ್ರೆ ಹಾಲಿಗೆ ಒಂದು ಚಮಚ ಮೊಸರು ಹಾಕಿ ಬೆಚ್ಚಗೆ ಇಟ್ಟರೆ ಬೆಳಿಗ್ಗೆಗೆ ಪಾತ್ರೆ ತುಂಬಾ ಅದೇ ಬ್ಯಾಕ್ಟೀರಿಯಾ. ಇಲ್ಲಿ ಹಾಲಿನ ಬದಲು ಪೌಷ್ಟಿಕ ಸಾರು ತುಂಬಿದ ಬಾಟಲಿ, ಮೊಸರಿನ ಬದಲು ರೋಗಿಯ ರಕ್ತ. ವ್ಯತ್ಯಾಸ ಏನಂದರೆ ಮೊಸರಲ್ಲಿ ಕೋಟಿಗಟ್ಟಲೆ ಇರುತ್ತವೆ, ಟೈಫಾಯ್ಡ್ ರೋಗಿಯ ರಕ್ತದಲ್ಲಿ ಒಂದು ಎಂಎಲ್‌ಗೆ ಒಂದು ಬ್ಯಾಕ್ಟೀರಿಯಾ, ಹಲವು ಸಲ ಅದಕ್ಕಿಂತಲೂ ಕಡಿಮೆ. ಉಳಿದವು ಮೂಳೆಯ ಮಜ್ಜೆಯಲ್ಲಿ, ಗುಲ್ಮದಲ್ಲಿ, ಪಿತ್ತಕೋಶದಲ್ಲಿ, ಅದೂ ನಮ್ಮದೇ ಜೀವಕೋಶಗಳ ಒಳಗೆ ಬಚ್ಚಿಟ್ಟುಕೊಂಡಿರುತ್ತವೆ. ಇದೊಂದು ಅಂಕಿ ನೆನಪಿಟ್ಟುಕೊಂಡರೆ ಮಿಕ್ಕಿದ್ದೆಲ್ಲ ಅರ್ಥವಾಗುತ್ತೆ. ಎರಡು ಎಂಎಲ್ ರಕ್ತ ತೆಗೆದರೆ ಅದರಲ್ಲಿ ಒಂದೋ ಎರಡೋ ಸಿಗಬಹುದು, ಒಂದೂ ಸಿಗದೇ ಇರಬಹುದು. ಸಿಗದಿದ್ದರೆ 'ನೋ ಗ್ರೋತ್'. ರೋಗ ಇದ್ದರೂ.

ಹಾಗಾಗಿಯೇ ಕಲ್ಚರ್ ಎಷ್ಟೇ ಚೆನ್ನಾಗಿ ಮಾಡಿದರೂ ನಿಜವಾದ ಟೈಫಾಯ್ಡ್ ರೋಗಿಗಳಲ್ಲಿ ನೂರಕ್ಕೆ 40ರಿಂದ 60 ಮಂದಿಯಲ್ಲಿ ಮಾತ್ರ ಹಿಡಿಯುತ್ತೆ. ಮೂಳೆ ಮಜ್ಜೆಯಿಂದ ತೆಗೆದು ಬೆಳೆಸಿದರೆ 80 ದಾಟುತ್ತೆ, ಆದರೆ ಒಂದು ಜ್ವರಕ್ಕೆ ಮಗುವಿನ ಮೂಳೆಗೆ ಸೂಜಿ ಹಾಕಿ ಅಂತ ಯಾರೂ ಹೇಳಲ್ಲ. 'ಪಿಸಿಆರ್ ಮಾಡಿಸಿದರೆ?' ಅಂತ ಕೋವಿಡ್ ಆದಮೇಲೆ ಎಲ್ಲರೂ ಕೇಳ್ತಾರೆ. ಅಲ್ಲಿಯೂ ಇದೇ ತೊಂದರೆ. ರಕ್ತದ ಹನಿಯಲ್ಲಿ ಬ್ಯಾಕ್ಟೀರಿಯಾವೇ ಇಲ್ಲದಿದ್ದರೆ ಯಾವ ಮೆಷಿನ್ ಏನು ಮಾಡೀತು? ಟಿಬಿಯ ವಿಷಯ ಬೇರೆ. ಕಫದಲ್ಲಿ ಬ್ಯಾಕ್ಟೀರಿಯಾ ಸಾಕಷ್ಟು ಇರುತ್ತವೆ. ಅದಕ್ಕೇ ಜೀನ್‌ಎಕ್ಸ್‌ಪರ್ಟ್, ಟ್ರೂನ್ಯಾಟ್‌ನಂಥ ಪಿಸಿಆರ್ ಟೆಸ್ಟ್‌ಗಳು ಅಲ್ಲಿ ಗೆದ್ದವು. ಈ ಟ್ರೂನ್ಯಾಟ್ ಹುಟ್ಟಿದ್ದರಲ್ಲಿ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಪಾಲೂ ಇದೆ.

'ಇಷ್ಟೊಂದು ರಕ್ತ ತೆಗೀತೀರಾ ಮಗೂಗೆ?' ಅಂತ ತಾಯಂದಿರು ಜಗಳಕ್ಕೇ ಬರ್ತಾರೆ. ಮಕ್ಕಳ ಬಾಟಲಿಗೆ ಒಂದರಿಂದ ಮೂರು-ನಾಲ್ಕು ಎಂಎಲ್ ಬೇಕು, ದೊಡ್ಡವರ ಬಾಟಲಿಗೆ ಎಂಟರಿಂದ ಹತ್ತು. ದೊಡ್ಡವರಿಗೆ ಎರಡು ಕಡೆಯಿಂದ ಎರಡು ಸಲ ತೆಗೆಯೋದು ಕ್ರಮ. ಅದು ಜಾಸ್ತಿ ಅನಿಸಬಹುದು, ಆದರೆ ಬಲೆ ದೊಡ್ಡದಾದಷ್ಟೂ ಮೀನು ಸಿಗೋದು. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ, ಊರು ಹೆಸರು ಬೇಡ, ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯವರು ಕಲ್ಚರ್ ಬಾಟಲಿಗಳನ್ನು ಜೋಪಾನವಾಗಿ ಫ್ರಿಜ್‌ನಲ್ಲಿ ಇಡುತ್ತಿದ್ದರು. ಕೆಡಬಾರದು ಅಂತ! ವಾರಗಟ್ಟಲೆ ಎಲ್ಲವೂ 'ನೋ ಗ್ರೋತ್'. ನಾನು ರಾಸಾಯನಿಕ ಸರಿ ಇಲ್ಲ, ಇನ್‌ಕ್ಯುಬೇಟರ್ ಸರಿ ಇಲ್ಲ ಅಂತ ತಲೆ ಕೆಡಿಸಿಕೊಂಡಿದ್ದೆ. ಒಂದು ರಾತ್ರಿ ಮಾತ್ರೆ ಹುಡುಕೋಕೆ ಅಂತ ಫ್ರಿಜ್ ತೆಗೆದಾಗ ಸಾಲಾಗಿ ಬಾಟಲಿಗಳು ಕಂಡವು. ಹೆಪ್ಪು ಹಾಕಿದ ಹಾಲನ್ನು ಫ್ರಿಜ್‌ಗೆ ಇಟ್ಟರೆ ಮೊಸರಾಗುತ್ತಾ? ರಕ್ತದ ಕಲ್ಚರ್ ಬಾಟಲಿ ಹೊರಗೇ ಇರಬೇಕು, ಬೇಗ ಲ್ಯಾಬ್ ಸೇರಬೇಕು. ಮೂತ್ರದ ಕಲ್ಚರ್ ಇದಕ್ಕೆ ತದ್ವಿರುದ್ಧ: ಎರಡು ಗಂಟೆ ಒಳಗೆ ಲ್ಯಾಬ್‌ಗೆ ಕೊಡೋಕಾಗದಿದ್ದರೆ ಫ್ರಿಜ್‌ನಲ್ಲೇ ಇಡಬೇಕು. ಅಲ್ಲಿ ನಾವು ಎಷ್ಟು ಬ್ಯಾಕ್ಟೀರಿಯಾ ಇವೆ ಅಂತ ಎಣಿಸುತ್ತೇವೆ. ದಾರಿಯಲ್ಲಿ ಅವು ಮರಿ ಹಾಕಿದರೆ ಲೆಕ್ಕ ಕೆಡುತ್ತೆ.

ಬಾಟಲಿ ಬಂದಮೇಲೆ ಒಳಗೆ ಏನಾಗುತ್ತೆ, ಐದು ದಿನ ಯಾಕೆ ಅಂತಲೂ ಹೇಳಿಬಿಡ್ತೀನಿ. ಈಗ ದೊಡ್ಡ ಲ್ಯಾಬ್‌ಗಳಲ್ಲಿ ಮೆಷಿನ್ ಇದೆ. ಬಾಟಲಿಯನ್ನು ಅದರಲ್ಲಿ ಇಟ್ಟರೆ ಬೆಚ್ಚಗೆ ಅಲ್ಲಾಡಿಸುತ್ತಾ, ಹತ್ತು ನಿಮಿಷಕ್ಕೊಮ್ಮೆ ಕಾರ್ಬನ್ ಡೈಆಕ್ಸೈಡ್ ಏರಿತಾ ಅಂತ ನೋಡುತ್ತಿರುತ್ತೆ. ಬ್ಯಾಕ್ಟೀರಿಯಾ ಬೆಳೆದರೆ ಉಸಿರು ಬಿಡುತ್ತವೆ, ಮೆಷಿನ್ ಕೂಗುತ್ತೆ. ಟೈಫಾಯ್ಡ್ ಇದ್ದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಕೂಗುತ್ತೆ. ಐದು ದಿನ ಕಾಯೋದು ನಿಧಾನಕ್ಕೆ ಬೆಳೆಯುವವರಿಗಾಗಿ, ಕೊನೆಗೆ 'ಇಲ್ಲ' ಅಂತ ಸಹಿ ಹಾಕೋಕೆ. ಕೂಗಿದ ತಕ್ಷಣ ಒಂದು ಹನಿ ತೆಗೆದು ಗ್ರಾಮ್ ಬಣ್ಣ ಹಾಕುತ್ತೇವೆ. ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಬರ್ಲಿನ್‌ನಲ್ಲಿ ಕಂಡುಹಿಡಿದದ್ದು, ಇವತ್ತಿಗೂ ಅದೇ ನೇರಳೆ ಬಣ್ಣ, ಅಯೋಡಿನ್, ಸ್ಪಿರಿಟ್; ಕೊನೆಯ ಕೆಂಪು ಬಣ್ಣ ಆಮೇಲೆ ಸೇರಿದ್ದು. ಐದು ನಿಮಿಷದ ಕೆಲಸ. ಗುಲಾಬಿ ಬಣ್ಣದ ಕಡ್ಡಿಗಳು (ಟೈಫಾಯ್ಡ್ ಬ್ಯಾಕ್ಟೀರಿಯಾ ಕಾಣೋದು ಹೀಗೇ) ಕಂಡರೆ ನಾವು ರಿಪೋರ್ಟ್‌ಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡ್ತೀವಿ.

ಆಮೇಲೆ ಅದನ್ನು ಅಗಾರ್ ಜೆಲ್ಲಿ ಹಾಕಿದ ತಟ್ಟೆ ಮೇಲೆ ಬೆಳೆಸೋದು. ಅಗಾರ್ ಅಂದರೆ ನೀವು ಪುಡಿಂಗ್‌ಗೆ ಹಾಕುವ ಚೈನಾ ಗ್ರಾಸೇ. ಅದನ್ನು ಲ್ಯಾಬ್‌ಗೆ ತಂದ ಬುದ್ಧಿ ಒಬ್ಬ ಗೃಹಿಣಿಯದು: ಫ್ಯಾನಿ ಹೆಸ್ಸೆ. ರಾಬರ್ಟ್ ಕಾಖ್ ಅವರ ಲ್ಯಾಬ್‌ನಲ್ಲಿದ್ದ ಗಂಡ, ಬೇಸಿಗೆಯಲ್ಲಿ ಜೆಲಾಟಿನ್ ಕರಗಿಹೋಗುತ್ತೆ ಅಂತ ಪೇಚಾಡುತ್ತಿದ್ದಾಗ, 'ನನ್ನ ಜೆಲ್ಲಿ ಕರಗಲ್ಲವಲ್ಲ' ಅನ್ನುವ ದಾರಿ ತೋರಿಸಿದವರು. 1880ರ ದಶಕದ ಆರಂಭದ ಮಾತು. ಮ್ಯಾಕಾಂಕಿ ಅನ್ನುವ ತಟ್ಟೆಯಲ್ಲಿ ಹಾಲಿನ ಸಕ್ಕರೆ ಇರುತ್ತೆ. ಕರುಳಿನ ಸಾಮಾನ್ಯ ಇ. ಕೋಲಿ ಅದನ್ನು ತಿಂದು ಗುಲಾಬಿ ಚುಕ್ಕೆಗಳಾಗುತ್ತೆ, ಟೈಫಾಯ್ಡ್‌ನದು ತಿನ್ನದೆ ಬಣ್ಣವಿಲ್ಲದ ಚುಕ್ಕೆಯಾಗಿ ಉಳಿಯುತ್ತೆ. ಮುಂದೆ ಇನ್ನೂ ಕೆಲವು ಪರೀಕ್ಷೆ, ಕೊನೆಗೆ ಟೈಫಾಯ್ಡ್‌ಗೆ ಅಂತಲೇ ಇರುವ ಸೀರಮ್ ಜೊತೆ ಕಲಸಿ ಗಂಟುಕಟ್ಟಿಸಿ ನೋಡೋದು. ಅಂದರೆ ವಿಡಾಲನ್ನೇ ತಿರುಗಿಸಿ ಮಾಡೋದು. ಅಲ್ಲಿ ಗೊತ್ತಿರುವ ಬ್ಯಾಕ್ಟೀರಿಯಾದಿಂದ ಗೊತ್ತಿಲ್ಲದ ಸೀರಮನ್ನು ಕೇಳುತ್ತೀವಿ, ಇಲ್ಲಿ ಗೊತ್ತಿರುವ ಸೀರಮ್‌ನಿಂದ ಗೊತ್ತಿಲ್ಲದ ಬ್ಯಾಕ್ಟೀರಿಯಾವನ್ನು.

ಕಲ್ಚರ್‌ನ ನಿಜವಾದ ಬೆಲೆ ಇರೋದು ಇದಾದಮೇಲೆ. ಬೆಳೆದ ಬ್ಯಾಕ್ಟೀರಿಯಾವನ್ನು ಇನ್ನೊಂದು ತಟ್ಟೆ ಮೇಲೆ ಹಾಸಿ, ಒಂದೊಂದು ಔಷಧಿ ನೆನೆಸಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಮರುದಿನ ಯಾವ ಬಿಲ್ಲೆ ಸುತ್ತ ಎಷ್ಟು ಮಿಲಿಮೀಟರ್ ಖಾಲಿ ಜಾಗ ಅಂತ ಅಳೆಯೋದು. ವಿಡಾಲ್ ಎಷ್ಟೇ ಪಾಸಿಟಿವ್ ಬಂದರೂ ಯಾವ ಔಷಧಿ ಕೆಲಸ ಮಾಡುತ್ತೆ ಅಂತ ಒಂದಕ್ಷರ ಹೇಳಲ್ಲ. ಟೈಫಾಯ್ಡ್‌ನಲ್ಲಿ ಅದು ಬಹಳ ಮುಖ್ಯ. 1948ರಿಂದ ರಾಜನಂತೆ ಮೆರೆದ ಕ್ಲೋರಾಂಫೆನಿಕಾಲ್ 1972ರಲ್ಲಿ ಕೇರಳದ ಕ್ಯಾಲಿಕಟ್‌ನಲ್ಲಿ ಕೈಕೊಟ್ಟಿತು. ಆಮೇಲೆ ಸಿಪ್ರೋಫ್ಲಾಕ್ಸಾಸಿನ್ ಬಂತು, ಅದೂ ನಮ್ಮ ಕಡೆ ಈಗ ಬಹುಪಾಲು ಕೆಲಸಕ್ಕೆ ಬಾರದಂತಾಗಿದೆ. 2016ರಿಂದ ಪಾಕಿಸ್ತಾನದ ಸಿಂಧ್‌ನಲ್ಲಿ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಟೈಫಾಯ್ಡ್ ಹರಡಿತು. ಹಾಗಾಗಿ ಕಲ್ಚರ್ ಬೆಳೆದಾಗ ಸಿಗುವ ಆ ಪಟ್ಟಿ ನಿಮ್ಮ ಮಗಳೊಬ್ಬಳಿಗಲ್ಲ, ಊರಿಗೇ ಬೇಕಾದದ್ದು. ಒಂದು ಎಚ್ಚರಿಕೆ: ಪಟ್ಟಿಯಲ್ಲಿ ಅಮಿಕಾಸಿನ್, ಜೆಂಟಾಮೈಸಿನ್ ಮುಂದೆ 'ಎಸ್' (ಈ ಔಷಧಿಗೆ ಬಗ್ಗುತ್ತೆ ಅಂತ) ಇದ್ದರೂ ಟೈಫಾಯ್ಡ್‌ಗೆ ಅವು ಕೆಲಸ ಮಾಡಲ್ಲ. ತಟ್ಟೆ ಮೇಲೆ ಸಾಯುತ್ತೆ, ಜೀವಕೋಶದ ಒಳಗೆ ಅಡಗಿರೋದನ್ನು ಆ ಔಷಧಿ ಮುಟ್ಟಲ್ಲ. ಒಳ್ಳೇ ಲ್ಯಾಬ್ ಅದನ್ನು ರಿಪೋರ್ಟ್‌ನಲ್ಲಿ ಬರೆಯುವುದೇ ಇಲ್ಲ.

ಮತ್ತೆ ನಿಮ್ಮ ಮಗಳಿಗೆ ಬರೋಣ. ಕಲ್ಚರ್‌ಗೆ ರಕ್ತ ಹೋದಾಗ ಜ್ವರಕ್ಕೆ ಆರನೇ ದಿನ. ದಿನ ಸರಿಯಾಗೇ ಇತ್ತು. ಟೈಫಾಯ್ಡ್‌ನಲ್ಲಿ ರಕ್ತದ ಕಲ್ಚರ್‌ಗೆ ಮೊದಲ ವಾರವೇ ಒಳ್ಳೇದು. ಆದರೆ ಅಷ್ಟರಲ್ಲಿ ಮೂರು ದಿನ ಸಿಫಿಕ್ಸಿಮ್ ಒಳಗೆ ಹೋಗಿತ್ತು. ಎಂಎಲ್‌ಗೆ ಒಂದಿದ್ದದ್ದು ಇನ್ನೂ ಕಮ್ಮಿಯಾಗಿರುತ್ತೆ. ಕೆಲವು ಬಾಟಲಿಗಳಲ್ಲಿ ಔಷಧಿಯನ್ನು ಹೀರಿಕೊಳ್ಳುವ ಹರಳು ಹಾಕಿರುತ್ತಾರೆ, ಆದರೆ ಮೈಯೊಳಗೇ ಸತ್ತ ಬ್ಯಾಕ್ಟೀರಿಯಾವನ್ನು ಅದು ಬದುಕಿಸೋಕಾಗಲ್ಲ. ಹಾಗಾಗಿ ಈ 'ನೋ ಗ್ರೋತ್' ಅಂದರೆ 'ಟೈಫಾಯ್ಡ್ ಇರಲಿಲ್ಲ' ಅಂತಲ್ಲ, 'ನಮಗೆ ಸಿಗಲಿಲ್ಲ' ಅಂತ.

ಇತ್ತಾ ಹಾಗಾದರೆ? ಇದ್ದಿರಬಹುದು. ಒಂದು ಸುಳಿವು ನಿಮ್ಮ ಪ್ರಶ್ನೆಯಲ್ಲೇ ಇದೆ. ಸಿಫಿಕ್ಸಿಮ್ ಮತ್ತು ಸೆಫ್ಟ್ರಿಯಾಕ್ಸೋನ್ ಒಂದೇ ಮನೆತನದ ಔಷಧಿಗಳು. ಮೂರು ದಿನ ಸಿರಪ್, ಮೂರು ದಿನ ಇಂಜೆಕ್ಷನ್ ಸೇರಿಸಿದರೆ ಆರನೇ ದಿನಕ್ಕೆ ಜ್ವರ ಬಿಟ್ಟಿದೆ. ಟೈಫಾಯ್ಡ್ ಜ್ವರ ಸರಿಯಾದ ಔಷಧಿ ಕೊಟ್ಟರೂ ನಿಧಾನಕ್ಕೇ ಇಳಿಯುತ್ತೆ, ನಾಲ್ಕರಿಂದ ಆರು ದಿನ ಮಾಮೂಲು. ಹಾಗಾಗಿ ಸಿರಪ್ ಸೋತಿತು, ಇಂಜೆಕ್ಷನ್ ಗೆದ್ದಿತು ಅಂತಲೂ ಹೇಳೋಕಾಗಲ್ಲ. ಆದರೆ ಇನ್ನೊಂದು ಕಡೆಯಿಂದ ನೋಡಿದರೆ, ವೈರಸ್ ಜ್ವರಗಳೂ ಎಷ್ಟೋ ಸಲ ವಾರದಲ್ಲಿ ತಾವಾಗಿಯೇ ಹೋಗುತ್ತವೆ. ಮೂತ್ರದ ಸೋಂಕಿದ್ದರೂ ಇದೇ ಔಷಧಿಗೆ ಇಳಿಯುತ್ತಿತ್ತು. ಹೆಣ್ಣುಮಕ್ಕಳಲ್ಲಿ ಕಾರಣ ಗೊತ್ತಾಗದ ಜ್ವರಕ್ಕೆ ಮೂತ್ರ ಪರೀಕ್ಷೆ ಮರೆಯಲೇಬಾರದು. ನೀವು ಅದನ್ನು ಬರೆದಿಲ್ಲ, ಮಾಡಿಸಿದ್ದರೆ ಆ ರಿಪೋರ್ಟ್ ತೆಗೆದು ನೋಡಿ. ಈಗ ಯಾವ ಟೆಸ್ಟ್‌ನಿಂದಲೂ ಇದನ್ನು ಬಿಡಿಸೋಕಾಗಲ್ಲ. ಮಗು ಚೆನ್ನಾಗಿದ್ದಾಳೆ ಅಲ್ವಾ? ಡಾಕ್ಟರು ಎಷ್ಟು ದಿನದ ಕೋರ್ಸ್ ಹೇಳಿದ್ದರೋ ಅದನ್ನು ಪೂರ್ತಿ ಮುಗಿಸಿರಬೇಕು, ಅಷ್ಟೇ ಮುಖ್ಯ. ಟೈಫಾಯ್ಡ್ ಆಗಿದ್ದರೆ ಕೆಲವು ವಾರದಲ್ಲಿ ಮರುಕಳಿಸಬಹುದು. ಮತ್ತೆ ಜ್ವರ ಬಂದರೆ ಸಿರಪ್ ಮುಚ್ಚಳ ತೆಗೆಯೋ ಮೊದಲೇ ಕಲ್ಚರ್‌ಗೆ ಕೊಡಿ.

ವಾಸಿಯಾಗಿದೆಯಾ ಅಂತ ನೋಡೋಕೆ ವಿಡಾಲ್ ಬೇಡ. ಆ್ಯಂಟಿಬಾಡಿ ತಿಂಗಳುಗಟ್ಟಲೆ ಉಳಿಯುತ್ತೆ. ಮಾಡಿಸಿದರೆ ಪಾಸಿಟಿವ್ ಬರುತ್ತೆ, ನೀವು ಹೆದರುತ್ತೀರಿ, ಯಾರೋ ಇನ್ನೊಂದು ಕೋರ್ಸ್ ಬರೆಯುತ್ತಾರೆ.

ಮುಂದಿನ ಸಲಕ್ಕೆ: ಮೊದಲ ಎರಡು ಮೂರು ದಿನದ ಜ್ವರದಲ್ಲಿ ಮಗು ಆಡಿಕೊಂಡು ನೀರು ಕುಡಿದುಕೊಂಡಿದ್ದರೆ ಯಾವ ಟೆಸ್ಟ್‌ಗೂ ಓಡಬೇಕಿಲ್ಲ. ಡೆಂಗಿ ಕಾಲವಾದರೆ ಎನ್‌ಎಸ್1 ಅನ್ನುವ ಡೆಂಗಿ ಟೆಸ್ಟ್ ಮೊದಲ ಐದು ದಿನದಲ್ಲಿ ಉಪಯೋಗಕ್ಕೆ ಬರುತ್ತೆ, ಜೊತೆಗೆ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ. ಸಿಬಿಸಿಯಲ್ಲಿ ಇಯೋಸಿನೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಸೊನ್ನೆ ಇದ್ದರೆ ಟೈಫಾಯ್ಡ್ ಬಗ್ಗೆ ಯೋಚಿಸುವ ಡಾಕ್ಟರಿದ್ದಾರೆ, ಅದು ಸುಳಿವು ಮಾತ್ರ. ಮಲೆನಾಡು, ಕರಾವಳಿಗೆ ಹೋಗಿ ಗದ್ದೆ, ಕಾಡು ಸುತ್ತಿ ಬಂದಿದ್ದರೆ ಅದನ್ನು ತಪ್ಪದೆ ಹೇಳಿ, ಇಲಿಜ್ವರ, ಸಣ್ಣ ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನ ಟೆಸ್ಟ್ ಬೇರೆ, ಔಷಧಿಯೂ ಬೇರೆ ಇರಬಹುದು. ನಾಲ್ಕನೇ ದಿನಕ್ಕೂ ಜ್ವರ ಬಿಡದೆ ಕಾರಣವೂ ಕಾಣದಿದ್ದರೆ 'ಆ್ಯಂಟಿಬಯಾಟಿಕ್‌ಗೆ ಮುಂಚೆ ಕಲ್ಚರ್ ತೆಗೆಯೋಣವಾ?' ಅಂತ ಡಾಕ್ಟರನ್ನು ನೀವೇ ಕೇಳಬಹುದು, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಹೊಟ್ಟೆ ಕಲ್ಲಿನಂತಾದರೆ, ಕಪ್ಪು ಮಲ ಹೋದರೆ, ಮಗು ಮಂಕಾಗಿ ಏನೇನೋ ಮಾತಾಡಿದರೆ ಟೆಸ್ಟ್ ಮಾತು ಬಿಟ್ಟು ನೇರ ಆಸ್ಪತ್ರೆಗೆ.

ಕಲ್ಚರ್ ಫಾರಂನಲ್ಲಿ 'ಈಗಾಗಲೇ ತೆಗೆದುಕೊಂಡ ಔಷಧಿ' ಅಂತ ಒಂದು ಗೆರೆ ಇರುತ್ತೆ. ನೂರರಲ್ಲಿ ತೊಂಬತ್ತು ಫಾರಂನಲ್ಲಿ ಅದು ಖಾಲಿಯೇ ಬರುತ್ತೆ. ಔಷಧಿ ಹೆಸರು ನೆನಪಿಲ್ಲದಿದ್ದರೆ ಬಾಟಲಿಯನ್ನೇ ಚೀಲದಲ್ಲಿ ಹಾಕಿಕೊಂಡು ಬನ್ನಿ, ನಾವು ಓದಿಕೊಳ್ತೀವಿ.